ಎಲ್ಲೂ ನಿಲ್ಲದ ಚೆಂಡು

ದಿವ್ಯಾಳ ಅಪ್ಪ ಮಾತಾಡುವ ಮುಂಚೆ ಕೈಯಲ್ಲಿರುವ ನ್ಯೂಸ್‌ಪೇಪರನ್ನು ಸುರುಳಿ ಸುತ್ತಿ ನೆಲಕ್ಕೆ ತಟ್ಟುತ್ತಾರೆ, ಕ್ರೀಸಿಗೆ ಬಂದ ಬ್ಯಾಟ್ಸ್‌ಮನ್ ಹಾಗೆ. ಬಸವೇಶ್ವರನಗರದ ಅವರ ಮನೆಯಲ್ಲಿ ನಾನು ದಿವ್ಯಾಗೆ ಫಿಸಿಕ್ಸ್ ಹೇಳಿಕೊಡುವಾಗ ಅವರೂ ಹಾಲ್‌ನಲ್ಲೇ ಇರುತ್ತಾರೆ.

ಅವತ್ತು ನಾನು ಹೋದಾಗ, ಮರುದಿನವೇ ಅವಳಿಗೆ ಟೆಸ್ಟ್ ಇತ್ತು. ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಬಂದ ಚೆಂಡು ಬ್ಯಾಟಿಗೆ ತಾಗಿ ಮೂವತ್ತರಲ್ಲಿ ವಾಪಸ್ ಹೋಗುತ್ತದೆ. ಚೆಂಡಿನ ದ್ರವ್ಯರಾಶಿ, ಬ್ಯಾಟಿಗೆ ತಾಗಿದ್ದ ಸಮಯ ಕೊಟ್ಟಿದೆ; ವೇಗೋತ್ಕರ್ಷ ಎಷ್ಟು, ಬಲ ಎಷ್ಟು? ವೇಗದ ಬದಲಾವಣೆ ಐವತ್ತು ಎಂದು ದಿವ್ಯಾ ಸರಿಯಾಗಿಯೇ ಬರೆದಳು. ಪೇಪರ್ ನೆಲಕ್ಕೆ ತಟ್ಟಿತು.

"ಮೂವತ್ತರಲ್ಲಿ ಇಪ್ಪತ್ತು ಕಳೆದ್ರೆ ಹತ್ತು ಕಣೇ!"

ದಿವ್ಯಾ ಅಳಿಸಿದಳು.

"ಅಂಕಲ್, ದಿಕ್ಕು ಬದಲಾಯ್ತಲ್ವಾ? ಚೆಂಡು ಮೊದಲು ನಿಲ್ಲಬೇಕು, ಆಮೇಲೆ ವಾಪಸ್ ಹೋಗಬೇಕು. ಅದಕ್ಕೇ ಎರಡನ್ನೂ ಕೂಡಿಸೋದು," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ನಿಲ್ಲೋದಾ? ಮಿಸ್, ನಾನು ಕಾಲೇಜ್ ಟೀಮಲ್ಲಿ ಓಪನರ್. ನಾನು ಹೊಡೆದ ಚೆಂಡು ಎಲ್ಲೂ ನಿಂತಿದ್ದೇ ಇಲ್ಲ!" ಸೋಫಾದಿಂದ ಎದ್ದು ಪೇಪರಿನಲ್ಲೇ ಒಂದು ಡ್ರೈವ್ ಹೊಡೆದು ತೋರಿಸಿದರು. ಇದಕ್ಕೆ ನಾನು ಯಾವ ಸೂತ್ರ ಹಾಕಲಿ?

ದಿವ್ಯಾ ಮತ್ತೆ ಐವತ್ತು ಬರೆದು, ಅಪ್ಪನ ಮುಖ ನೋಡಿ, ಮತ್ತೆ ಅಳಿಸಿದಳು. ಹಾಳೆ ಹರಿಯಿತು.

"ಅಂಕಲ್, ಈ ಲೆಕ್ಕ ಮುಗಿಯೋವರೆಗೆ ಒಳಗಡೆ ಕೂತ್ಕೋತೀರಾ, ಪ್ಲೀಸ್?" ಎಂದೇಬಿಟ್ಟೆ.

ಅಂಕಲ್ ಪೇಪರನ್ನು ಇನ್ನೂ ಬಿಗಿಯಾಗಿ ಸುತ್ತಿ, ನೆಲಕ್ಕೆ ತಟ್ಟಿದರು.