ಭಾಗಮ್ಮನ ರೊಟ್ಟಿ, ರೇವಣಪ್ಪನ ಹಸಿವು

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸ್ಟೇಷನ್ನಿನ ಹಿಂದಿನ ಖಾನಾವಳಿಯಲ್ಲಿ ಆಗಲೇ ರೊಟ್ಟಿ ಬಡಿಯುವ ಸದ್ದು. ಭಾಗಮ್ಮ ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮುಂದಿನ ಉಂಡೆಗೆ ಕೈಹಾಕುತ್ತಾಳೆ. ಗಾಡಿ ಬದಲಿಸಲು ಇಳಿದವರು, ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲು ಹೇರುವ ಹಮಾಲರು ಸಾಲು ಹಿಡಿದು ಕೂರುತ್ತಾರೆ. ಹೊಟ್ಟೆ ತುಂಬಿದವರು ತಾಟಿಗೆ ಕೈ ಅಡ್ಡ ಹಿಡಿದು "ಸಾಕವ್ವ, ಸಾಕು" ಅನ್ನುತ್ತಾರೆ. ಅವಳು ಕೇಳಬೇಕಲ್ಲ! ಇನ್ನರ್ಧ ಹಾಕಿಯೇ ಹಾಕುತ್ತಾಳೆ. ಖಾನಾವಳಿಯ ಮಾಲೀಕರು ಗೊಣಗುವುದು ಇದಕ್ಕೇ.

ಈ ಊರಲ್ಲಿ ಆಕೆಯ ರೊಟ್ಟಿ ತಿನ್ನದವರಿಲ್ಲ, ಹೆಸರು ಕೇಳಿದರೆ ಹೇಳುವವರೂ ಇಲ್ಲ.

ಒಲೆಯ ಪಕ್ಕ ಗೋಡೆಗೊರಗಿ ಕೂತವನು ಗಂಡ ರೇವಣಪ್ಪ. ಒಂದು ಕಾಲಕ್ಕೆ ಫರಸಿ ಹೊತ್ತ ಹೆಗಲು, ಈಗ ಅಂಗಿಯೊಳಗೆ ಎಲುಬಷ್ಟೇ. ಉಪವಾಸ ಇದ್ದಾನೆಂದುಕೊಂಡರೆ ತಪ್ಪು. ಇಲ್ಲಿ ಎಲ್ಲರಿಗಿಂತ ಹೆಚ್ಚು ಉಣ್ಣುವವನು ಅವನೇ. ಉಂಡದ್ದು ಮೈಗೆ ಹತ್ತುವುದಿಲ್ಲ, ಜಿಡ್ಡುಜಿಡ್ಡಾಗಿ ಹಾಗೆಯೇ ಹೊರಹೋಗುತ್ತದೆ.

"ಹೆಂಡ್ತಿ ಉಣ್ಣಾಕ ಹಾಕಲ್ಲೇನು ಅಂತ ಮಂದಿ ಕೇಳ್ತಾರ್ರಿ. ಊರಿಗೆಲ್ಲ ರೊಟ್ಟಿ ಬಡಿಯೋ ಕೈರಿ ಇದು. ಎಲ್ಲಿ ಹೋಗಿ ಮಾರಿ ಮುಚ್ಕೊಳ್ಳಲಿ?" ಎಂದು ಪತ್ರಿಕೆಯಿಂದ ಬಂದವರ ಮುಂದೆ ಹೇಳುತ್ತಾಳೆ ಭಾಗಮ್ಮ.

ಕಾರಣ ಹೇಳಿದವರು ದವಾಖಾನೆಯ ಡಾಕ್ಟರ್ ಶೌಕತ ಅಲಿ. "ರೊಟ್ಟಿ ಹೊಟ್ಟಿಗಿ ಹೋದ್ರ ಸಾಲಂಗಿಲ್ಲಮ್ಮ. ಅದನ್ನ ಒಡದು, ನೆತ್ತರಕ್ಕ ಸೇರೋ ಹಂಗ ಸಣ್ಣ ಮಾಡೋ ರಸ ಬೇಕು. ಬಾಯಾಗಿನ ಜೊಲ್ಲು ಶುರು ಮಾಡ್ತದ, ಹೊಟ್ಟಿ ಮುಂದುವರಿಸ್ತದ. ದೊಡ್ಡ ಕೆಲಸ ಹೊಟ್ಟಿ ಹಿಂದಿನ ಗ್ರಂಥೀದು. ನಿನ್ನ ಗಂಡಂದು ಅದೇ ಬತ್ತಿ ಹೋಗ್ಯಾದ."

ಮದ್ದು ವಿಲಾಯತಿಯ ಒಂದು ಪುಡಿ. ಪ್ರಾಣಿಯ ಅದೇ ಗ್ರಂಥಿಯನ್ನು ಒಣಗಿಸಿ ಮಾಡಿದ್ದು, ಊಟದ ಜೊತೆ ಕೊಡಬೇಕು. ಕೊರಳಲ್ಲಿ ಲಿಂಗ ಕಟ್ಟಿದ ಮನೆಯಿದು. ರೇವಣಪ್ಪ ಒಂದೇ ಮಾತಿನಲ್ಲಿ ಒಲ್ಲೆ ಎಂದ.

ಭಾಗಮ್ಮ ಅವನಿಗೆ ತಿಳಿಯದಂತೆ ಮದ್ದಿನ ಶೀಸೆ ತಂದಳು. ಆದರೆ ಆ ಪುಡಿಯನ್ನು ಹಾಗೆಯೇ ತಾಟಿಗೆ ಉದುರಿಸಲು ಕೈ ಬರಲಿಲ್ಲ. ಬೆಂಕಿ ತಾಕಿದರೆ ಮೈಲಿಗೆ ಕಳೆಯುತ್ತದೆಂದು ಕುದಿಯುವ ಬೇಳೆಯಲ್ಲಿ ಹಾಕಿ, ಕೈಮುಗಿದು, ಇನ್ನೊಂದು ಕುದಿ ಬರಿಸಿ ಬಡಿಸಿದಳು. ಶೀಸೆ ಬರಿದಾಗುವವರೆಗೂ ಹೀಗೇ ನಡೆಯಿತು.

ರೇವಣಪ್ಪ ಚೇತರಿಸಿಕೊಳ್ಳಲಿಲ್ಲ. ಮತ್ತೊಂದು ಶೀಸೆ ಕೇಳಲು ಹೋದಾಗ ಡಾಕ್ಟರು ಹೇಗೆ ಕೊಟ್ಟೆ ಎಂದು ವಿಚಾರಿಸಿದರು. ಕೇಳಿ ತಲೆ ತಗ್ಗಿಸಿದರು. "ಅನ್ನ ಒಡಿಯೋ ಅದರ ಗುಣ ಕುದಿಸಿದ್ರ ಸತ್ತು ಹೋಗ್ತದಮ್ಮ. ಕುದಿಸಬ್ಯಾಡ ಅಂತ ನಾನೂ ಹೇಳಲಿಲ್ಲ." ಬೇರೆ ಶೀಸೆಯೂ ಇರಲಿಲ್ಲ. ವಿಲಾಯತಿಯ ಕಡೆ ನಡೆದಿರುವ ಯುದ್ಧದಿಂದಾಗಿ ಹಡಗಿನಲ್ಲಿ ಬರುವ ಮದ್ದು ನಿಂತುಹೋಗಿದೆ.

ಆ ಸಂಜೆ ಗಂಡನ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಟ್ಟಳು. ಅವನು ಕೊರಳ ಲಿಂಗವನ್ನು ಕೈಯಲ್ಲಿ ಹಿಡಿದ. "ಅದರ ಗುಣ ಸತ್ತದ ಅಂದ್ರ ಪಾಪನೂ ಸತ್ತಂಗೇ ಬಿಡು" ಅಂದ. ಆಮೇಲೆ, ಸಣ್ಣ ದನಿಯಲ್ಲಿ, "ಇನ್ನೊಂದು ಶೀಸೆ ಸಿಕ್ರ... ಕುದಿಸಬ್ಯಾಡ."

ಇದನ್ನು ಹೇಳುವಾಗ ಭಾಗಮ್ಮನ ಕೈಯಲ್ಲಿ ರೊಟ್ಟಿ ಹರಿಯುತ್ತದೆ. ಸಂಕಟವೆಂದರೆ ಇದು: ಮದ್ದಿದ್ದಾಗ ಅವನು ಒಲ್ಲೆನೆಂದ, ಅವನು ಒಪ್ಪಿದಾಗ ಮದ್ದಿಲ್ಲ. ಪತ್ರಿಕೆಯಲ್ಲಿ ಬರೆಯಬಹುದೇ ಎಂದರೆ ಉತ್ತರ ಕೊಡುವವನು ರೇವಣಪ್ಪನೇ. "ಬರೀರಿ. ಯಾರ ಹತ್ರರ ಇದ್ರ ಕಳಿಸ್ಯಾರು."

ನಿನಗೇನು ಬೇಕವ್ವ ಎಂದು ಕೇಳಿದರೆ ಅವಳು ಹೊಗೆಗೋ ಏನೋ ಕಣ್ಣೊರೆಸಿಕೊಳ್ಳುತ್ತಾಳೆ. "ನನಗೇನ್ ಬ್ಯಾಡ್ರಿ. ದಿನಾ ಎಷ್ಟು ಮಂದಿ ನನ್ನ ಮುಂದ ತಾಟಿಗಿ ಕೈ ಅಡ್ಡ ಹಿಡೀತಾರ. ಒಂದೇ ಒಂದ್ಸಲ ನಮ್ಮ ಮನಿಯವ್ರು 'ಸಾಕು' ಅನಬೇಕ್ರಿ."

ಗೋಡೆಯ ಕಡೆಯಿಂದ ತಾಟು ಸರಿದ ಸದ್ದಾಗುತ್ತದೆ.

"ಭಾಗಮ್ಮ, ಇನ್ನೊಂದು ಹಾಕು."