ಅಮ್ಮಿ ನೋಡದ ಝಮ್‌ಝಮ್

ಶ್ರೀನಿವಾಸಪುರದ ಹಳೆಯ ಬೀದಿಯೊಂದರಲ್ಲಿ ಮೊನ್ನೆ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಅಮ್ಮಿ ನೆನಪಾದರು, ಹಿಂದೆಯೇ ಆ ಹಳೆಯ ಸಿಟ್ಟೂ...

ಅಮ್ಮಿ ನಮ್ಮ ಪಕ್ಕದ ಮನೆಯವರು, ರೇಷ್ಮೆ ನೂಲು ತೆಗೆಯುತ್ತಿದ್ದರು. ನಾನು ಹುಟ್ಟಿದಾಗ ನಮ್ಮಮ್ಮ ಟೈಫಾಯ್ಡಿನಿಂದ ಹಾಸಿಗೆ ಹಿಡಿದಿದ್ದಳಂತೆ. ಆಗಷ್ಟೇ ತಮ್ಮ ಕೂಸನ್ನು ಕಳೆದುಕೊಂಡಿದ್ದ ಅಮ್ಮಿ ನನಗೆ ಹಾಲು ಕೊಟ್ಟರು. ಅವರ ಇಸ್ಲಾಂ ಧರ್ಮದಲ್ಲಿ ಹಾಲು ಕುಡಿದವನು ಹೆತ್ತ ಮಗನಿಗೆ ಸಮ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಬಿಸಿನೀರಿನಲ್ಲಿ ಎಳೆ ಹುಡುಕುತ್ತಾ ಅವರು ಹೇಳುತ್ತಿದ್ದುದು ಒಂದೇ ಕಥೆ. "ಇಬ್ರಾಹಿಂ ನಬಿ ಅಲ್ಲಾನ ಮಾತಿನಂತೆ ಹೆಂಡ್ತೀನ, ಕೈಕೂಸನ್ನ ಆ ಮಕ್ಕಾದ ಬಯಲಲ್ಲಿ ಬಿಟ್ಟು ಹೋದ್ರು ಕಣೋ. ಬರೀ ಕಲ್ಲು. ಒಂದು ತೊಟ್ಟು ನೀರಿಲ್ಲ. ಆ ತಾಯಿ ಹಾಜಿರಾ ಬೀಬಿ ನೀರು ಹುಡುಕ್ತಾ ಸಫಾ ಗುಡ್ಡದಿಂದ ಮರ್ವಾ ಗುಡ್ಡಕ್ಕೆ ಓಡಿದ್ರು, ಓಡಿದ್ರು... ಕೊನೇಗೆ ಕೂಸಿನ ಕಾಲ ಹತ್ರಾನೇ ನೀರು ಬಂತು." ಅದೇ ಝಮ್‌ಝಮ್ ಬುಗ್ಗೆ. ಆ ನೀರಿದ್ದದ್ದಕ್ಕೇ ಜನ ಬಂದು ನೆಲೆನಿಂತರು. ಮಗ ದೊಡ್ಡವನಾದ ಮೇಲೆ ಅಪ್ಪ ಮಗ ಸೇರಿ ಅಲ್ಲೇ ದೇವರ ಮನೆ ಕಾಬಾ ಕಟ್ಟಿದರು. ಇವತ್ತಿಗೂ ಹಜ್‌ಗೆ ಹೋದವರೆಲ್ಲ ಆ ಗುಡ್ಡಗಳ ನಡುವೆ ಆ ತಾಯಿ ನಡೆದಂತೆಯೇ ನಡೆಯಬೇಕು. ಒಂದು ಸಲ ಅಲ್ಲಿ ನಡೆಯಬೇಕೆಂಬುದೇ ಅಮ್ಮಿಯ ಆಸೆ.

ಎಂಬತ್ತರ ದಶಕವಿರಬೇಕು... ಗಂಡ ತೀರಿಕೊಂಡ ಮೇಲೆ ಅಮ್ಮಿ ಹಜ್‌ಗೆ ಹೊರಟು ನಿಂತರು. ಹತ್ತಿರದ ಸಂಬಂಧದ ಗಂಡಸು ಜೊತೆಗಿಲ್ಲದೆ ಹೆಂಗಸನ್ನು ಕಳಿಸುವಂತಿಲ್ಲ ಎಂದರು ಮನೆಗೆ ಬಂದ ಮಸೀದಿಯ ಹಿರಿಯರು. ಅಮ್ಮಿಗೆ ಅಣ್ಣತಮ್ಮಂದಿರೂ ಇರಲಿಲ್ಲ.

ನಾನಾಗ ಕೆಲಸಕ್ಕೆ ಸೇರಿದ್ದೆ. "ನಾನಿದ್ದೀನಲ್ಲ" ಎಂದೆ. "ಹಾಲು ಕುಡಿದೋನು ಮಗಾನೇ ಅಂತ ನೀವೇ ಹೇಳ್ತೀರಲ್ಲ."

"ಮಗ ಹೌದಪ್ಪಾ, ಇಲ್ಲ ಅನ್ನಲ್ಲ" ಎಂದರು ಹಿರಿಯರು. "ಆದ್ರೆ ಮುಸಲ್ಮಾನರಲ್ದೋರನ್ನ ಮಕ್ಕಾದೊಳಕ್ಕೆ ಬಿಡಲ್ಲ."

ಅಮ್ಮಿ ನೂಲಿನ ರಾಟೆ ನಿಲ್ಲಿಸಿ ಕೇಳಿದರು: "ಹಾಜಿರಾ ಬೀಬಿ ಜೊತೆಗೆ ಯಾವ ಗಂಡಸಿದ್ದ ಹಜರತ್? ಕೈಕೂಸು ತಾನೇ?"

"ನಿಯಮ ನಾವು ಮಾಡಿದ್ದಲ್ಲಮ್ಮಾ" ಎನ್ನುತ್ತಾ ಹಿರಿಯರು ಎದ್ದರು. ಅವರೇನೂ ಕೆಟ್ಟವರಲ್ಲ, ಅದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಬೈಯುವುದಕ್ಕೆ ಒಬ್ಬರಾದರೂ ಸಿಗಬೇಡವೇ?

ಕೆಲವು ವರ್ಷಗಳಲ್ಲಿ ಅಮ್ಮಿ ತೀರಿಕೊಂಡರು. ಗೋರಿಯ ಬಳಿ ಅದೇ ಹಿರಿಯರು ನನ್ನನ್ನು ಮುಂದಕ್ಕೆ ಕರೆದರು. "ಮೊದಲ ಮಣ್ಣು ನೀನು ಹಾಕಪ್ಪಾ. ಮಗ ನೀನಿರ್ಬೇಕಾದ್ರೆ ಬೇರೆ ಯಾರು ಹಾಕೋದು?" ಅಲ್ಲಿ ಮಾತ್ರ ನನ್ನನ್ನು ಯಾರೂ ತಡೆಯಲಿಲ್ಲ.

ಈಗ ಗಂಡಸಿನ ಜೊತೆಯಿಲ್ಲದೆಯೂ ಹೆಂಗಸರು ಹಜ್‌ಗೆ ಹೋಗಬಹುದಂತೆ, ಪತ್ರಿಕೆಯಲ್ಲಿ ಬಂದಿತ್ತು. ಸಂತೋಷಪಡಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಹೋಗಬೇಕಿದ್ದವರಿಗೆ ನಾನೇ ಮಣ್ಣು ಹಾಕಿ ಬಂದಿದ್ದೇನೆ.