ಭಾಷೆ ಬರದವಳಿಗೆ ತೋರಿಸಿದ ಸಿನಿಮಾ

ಅವರ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಹಳೆಯ ಗಾಯಗಳು ಮಾಸಿ ಬಿಳಿ ಎಳೆಗಳ ಹಾಗೆ ಕಾಣುತ್ತಿದ್ದವು. ನಮ್ಮ ಕಟ್ಟಡದ ನೆಲಮನೆಯಲ್ಲಿ ಬಟ್ಟೆ ಒಗೆಯುವ ಕೋಣೆ ಇದೆಯಲ್ಲ, ಅಲ್ಲಿ ನಾನು ಮೊದಲು ನೋಡಿದ್ದು ಆ ಬೆರಳನ್ನೇ, ಮುಖವನ್ನಲ್ಲ. ಗಂಡಸರ ಮುಖ ನೋಡಿ ಮಾತಾಡುವ ರೂಢಿ ನನಗಿಲ್ಲ. ನನ್ನ ಬೆರಳಿಗೂ ಅಂಥ ಗೀರುಗಳಿವೆ, ಈಳಿಗೆಮಣೆಯವು. ಈ ಮನುಷ್ಯ ಜನ್ಮಪೂರ್ತಿ ಎಲ್ಲೋ ತರಕಾರಿ ಹೆಚ್ಚಿದ್ದಾರೆ, ಹೋಟೆಲ್ಲಿನವರಿರಬೇಕು ಅಂದುಕೊಂಡೆ. ಅವರು ಹೆಚ್ಚಿದ್ದು ಸಿನಿಮಾ ಅಂತ ಆಮೇಲೆ ಗೊತ್ತಾಯಿತು.

ಮಕ್ಕಳೇ, ಇದು ನಮ್ಮ ಮೇಲಿನ ಮನೆಯ ಐರ್ಲೆಂಡಿನವರ ವಿಷಯ. ನಿಮಗೆ ಅವರು ಕೊಡುತ್ತಿದ್ದ ಚಾಕೊಲೇಟ್ ಮಾತ್ರ ನೆನಪಿರಬಹುದು. ನೀವು ಲಿಫ್ಟಿನಲ್ಲಿ 'ಅಜ್ಜಿ, ಅಜ್ಜಿ' ಅಂತ ಕೂಗುವುದನ್ನು ಕೇಳಿ ಅದೇ ನನ್ನ ಹೆಸರು ಅಂತ ತಿಳಿದುಬಿಟ್ಟಿದ್ದರು. ನನಗಿಂತ ದೊಡ್ಡವರು, ತಲೆಯೆಲ್ಲ ಬೆಳ್ಳಗಾಗಿತ್ತು. ಅವರು ನನ್ನನ್ನು ಕಂಡಾಗಲೆಲ್ಲ 'ಗುಡ್ ಮಾರ್ನಿಂಗ್, ಅಜ್ಜಿ' ಅನ್ನುವರು. ನಿಮ್ಮಮ್ಮ ತಿದ್ದಲು ಹೋದಳು. ನಾನೇ ಬೇಡ ಅಂದೆ. ಪರ ಗಂಡಸು ಹೆಸರು ಹಿಡಿದು ಕರೆಯುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನ ಈ ಕಟ್ಟಡದಲ್ಲಿ ಲಿಫ್ಟ್ ಹತ್ತಿದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡು ನಿಲ್ಲುತ್ತಾರೆ. ನನ್ನಂಥವಳಿಗೆ ಅದು ಅನುಕೂಲವೇ ಆಗಿತ್ತು. ನಿಮ್ಮ ತಾತ ಹೋದಮೇಲೆ ಮಗಳ ಮನೆಗೆ ಬಂದವಳು ನಾನು. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ. ಬಾಗಿಲ ಹಿಂದೆ ನಿಂತು ಮಾತಾಡಿ ಅಭ್ಯಾಸ. ಆದರೆ ಇವರು ಬಿಡುತ್ತಿರಲಿಲ್ಲ. ನಮ್ಮ ಬಟ್ಟೆಯ ಪಾಳಿ ಮುಗಿಯುವ ಹೊತ್ತಿಗೆ ಅವರ ಪಾಳಿ. ಚೀಲ ಹೊತ್ತುಕೊಂಡು ಬಂದು ಇಂಗ್ಲಿಷಿನಲ್ಲಿ ಮಳೆಯ ಬಗ್ಗೆ, ಗಾಳಿಯ ಬಗ್ಗೆ ಹೇಳುತ್ತಾ ಹೋಗುವರು. ನಾನು ನಡುನಡುವೆ 'ಯೆಸ್' ಅಂದರೆ ಅವರಿಗೆ ಅಷ್ಟೇ ಬೇಕಾಗಿತ್ತು. ಹೆಂಡತಿ ಈ ದೇಶದವರು, ತೀರಿಕೊಂಡಿದ್ದರು. ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಅವರು ಸಿನಿಮಾ ಎಡಿಟರ್. ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಈಗ ಎಲ್ಲ ಕಂಪ್ಯೂಟರಿನಲ್ಲೇ ಕತ್ತರಿಸುವುದಂತೆ, ಪೆನ್ಸಿಲ್ಲಿಗೆ ಏನೂ ಕೆಲಸವಿಲ್ಲ, ಆದರೂ ಅದಿಲ್ಲದೆ ಕೂತರೆ ಕನ್ನಡಕ ಮರೆತ ಹಾಗೆ ತಡಕಾಡುವರು. ಹಿಂದೆ ರೀಲನ್ನು ಬ್ಲೇಡಿನಿಂದ ಕತ್ತರಿಸಿ ಟೇಪು ಹಚ್ಚಿ ಅಂಟಿಸುತ್ತಿದ್ದರಂತೆ. ಬೆರಳಿನ ಗೀರು ಆ ಕಾಲದ್ದು.

ಒಂದು ಸಂಜೆ ನಮ್ಮ ಮನೆಗೆ ಬಂದು ನಿಮ್ಮಮ್ಮನ ಹತ್ತಿರ ಏನೋ ಕೇಳಿದರು. ಅವಳು ನಗುತ್ತಾ ಅಡಿಗೆಮನೆಗೆ ಬಂದಳು.

"ಅಮ್ಮಾ, ನಿಂಗೊಂದು ಕೆಲಸ ಸಿಕ್ಕಿದೆ. ಅಂಕಲ್ ಒಂದು ಸಿನಿಮಾ ಎಡಿಟ್ ಮಾಡ್ತಿದಾರಂತೆ, ಅವರ ಐರಿಷ್ ಭಾಷೇದು. ಅವರ ದೇಶದಲ್ಲೇ ಆ ಭಾಷೆ ಬರೋರು ಕಮ್ಮಿಯಂತೆ. ಭಾಷೆ ಬರದೇ ಇರೋರು ಕೂತು ನೋಡ್ಬೇಕಂತೆ, ಕತೆ ತಲುಪತ್ತಾ ಅಂತ."

"ಭಾಷೆ ಬರದೇ ಇರೋರು ಬೇಕಾದಷ್ಟು ಜನ ಇದ್ದಾರೆ. ನಾನೇ ಯಾಕೆ?"

"ಬೇರೆಯವರು ನೋಡಿ 'ತುಂಬಾ ಚೆನ್ನಾಗಿದೆ' ಅಂತ ಹೇಳಿ ಹೋಗಿಬಿಡ್ತಾರಂತೆ. ನೀನು ಏನೂ ಹೇಳಲ್ವಲ್ಲ, ಅದಕ್ಕೇ ಬೇಕಂತೆ."

ನಾನು ಹೋದೆ, ನಿಮ್ಮಮ್ಮನನ್ನು ಜೊತೆಗೆ ಎಳೆದುಕೊಂಡು. ಅಲ್ಲಿ ಹೋಗಿ ನೋಡಿದರೆ ಅವರು ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ಹಾಕಿಕೊಂಡಿದ್ದಾರೆ. ಸಿನಿಮಾ ನೋಡುವವಳು ನಾನು, ನನ್ನನ್ನು ನೋಡುವವರು ಅವರು! ನನಗೆ ಎದ್ದು ಓಡಿಹೋಗುವ ಹಾಗಾಯಿತು. ಮುಂದಿನ ಸಲ ಹೋಗುವಾಗ ಒಂದು ಹಿಡಿ ಹತ್ತಿ ತೆಗೆದುಕೊಂಡು ಹೋದೆ. ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತರೆ ಕೈಗೂ ಕಣ್ಣಿಗೂ ಒಂದು ನೆಲೆ ಸಿಗುತ್ತದೆ ಅಂತ.

ಅವರಿಗೆ ಅದೇ ಬೇಕಾಗಿದ್ದ ಹಾಗೆ ಆಯಿತು. ಕೆಲವು ದಿನ ಕಳೆದ ಮೇಲೆ ನಿಮ್ಮಮ್ಮನಿಗೆ ಹೇಳಿದರಂತೆ: ಅಜ್ಜಿಯ ಕೈ ನಿಂತ ಕಡೆ ಸಿನಿಮಾಕ್ಕೆ ಜೀವ ಇದೆ, ಕೈ ಬೇಗ ಬೇಗ ಓಡಿದ ಕಡೆ ನಾನು ಕತ್ತರಿ ಹಾಕುತ್ತೇನೆ. ಕೇಳಿ ನನಗೆ ಗಾಬರಿಯಾಯಿತು. ನನ್ನ ಕೈ ನೋಡಿ ಯಾರದೋ ಸಿನಿಮಾ ಕತ್ತರಿಸುತ್ತಾರಾ? ಆದರೆ ಅವರು ಖುಷಿಯಲ್ಲಿದ್ದರು. ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನು ಬಡಿಸುತ್ತಾ 'ಸಾಕಾ?' ಅಂತ ಕೇಳುತ್ತಿದ್ದದ್ದನ್ನು ಕಲಿತುಬಿಟ್ಟಿದ್ದರು. ಪರದೆಯ ಕಡೆ ಹೆಬ್ಬೆರಳು ತೋರಿಸಿ, "ಅಜ್ಜಿ, ಸಾಕಾ?" ಅನ್ನುವರು.

ಊಟಕ್ಕೆ ಕೂತಾಗ ಅವರು ಹೇಳಿಕೊಂಡ ಸಂಗತಿಗಳನ್ನು ನಿಮ್ಮಮ್ಮ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು. ಅವರ ದೇಶದಲ್ಲಿ ಸಿನಿಮಾಕ್ಕೆ ಸಹಾಯ ಮಾಡಲೆಂದೇ ಸರ್ಕಾರದ ಒಂದು ಸಂಸ್ಥೆ ಇದೆ. ಕತೆ ಬರೆಯುವವರಿಗೆ, ಶೂಟಿಂಗ್ ಮಾಡುವವರಿಗೆ, ಅರ್ಧಕ್ಕೆ ನಿಂತದ್ದನ್ನು ಮುಗಿಸುವವರಿಗೆ ಕೈ ಹಿಡಿಯುತ್ತದೆ. ಅವರು ಪ್ರಾಯದಲ್ಲಿದ್ದಾಗ ಆ ಸಂಸ್ಥೆಯನ್ನು ಮುಚ್ಚಿದ್ದರಂತೆ. ಕೆಲಸವಿಲ್ಲದೆ ಆಗಲೇ ಅವರು ದೇಶ ಬಿಟ್ಟು ಇಲ್ಲಿಗೆ ಬಂದದ್ದು. ಕೆಲವು ವರ್ಷಗಳ ಮೇಲೆ ಮತ್ತೆ ತೆರೆದಾಗ ಯಾರೋ ಫೋನ್ ಮಾಡಿ ಹೇಳಿದರಂತೆ. ಆ ದಿನ ಹೆಂಡತಿಯನ್ನು ಹಿಡಿದುಕೊಂಡು ಕುಣಿದೆ ಅಂದರು. ಅಲ್ಲಿಂದಾಚೆಗೆ ಹೊಸಬರ ಮೊದಲ ಸಿನಿಮಾ ಬಂದರೆ ಬೇರೆ ಎಲ್ಲ ಬದಿಗಿಟ್ಟು ಒಪ್ಪಿಕೊಳ್ಳುವರು.

"ಪಕ್ಕದಲ್ಲಿ ದೊಡ್ಡ ದೇಶ ಇದೆ. ನಮ್ಮ ಕತೆ ನಾವು ಹೇಳದಿದ್ದರೆ ಅವರು ಹೇಳ್ತಾರೆ. ಹೇಳಿ, ನಮ್ಮನ್ನೇ ಕೂರಿಸಿ ತೋರಿಸ್ತಾರೆ" ಅನ್ನುವರು.

ನಮ್ಮ ಸರ್ಕಾರವೂ ಕನ್ನಡ ಸಿನಿಮಾಕ್ಕೆ ಸಬ್ಸಿಡಿ ಕೊಡುತ್ತದೆ ಎಂದು ಹೇಳಿಸಿದೆ. ಅವರು ಕಣ್ಣರಳಿಸಿ ಕೇಳಿದರು, "ನಿಮ್ಮಲ್ಲೂ ಸಹಾಯ ಸಿಗದವರು ಬೈತಾರಾ?"

"ಸಿಕ್ಕವರೂ ಬೈತಾರೆ" ಅಂದಳು ನಿಮ್ಮಮ್ಮ. ಅವರು ಮೇಜು ಕುಟ್ಟಿ ನಕ್ಕರು.

ಆಗ ಅವರ ಕೈಯಲ್ಲಿದ್ದ ಸಿನಿಮಾ ಒಬ್ಬ ಹುಡುಗಿಯದು. ಯಾವುದೋ ದ್ವೀಪದವಳು, ಮೀನುಗಾರರ ಮನೆಯವಳು, ಅವಳ ಮೊದಲ ಸಿನಿಮಾ. ಸಂಸ್ಥೆಯ ಸಹಾಯದಿಂದ ಬರೆದಿದ್ದಳು, ಅದೇ ಸಹಾಯದಿಂದ ಶೂಟಿಂಗ್ ಮಾಡಿದ್ದಳು. ಆದರೆ ಸಮುದ್ರದಲ್ಲಿ ಬಿರುಗಾಳಿ ಎದ್ದು ಕೆಲಸ ನಿಂತು ನಿಂತು, ಕೊನೆಗೆ ಮುಗಿಸುವುದಕ್ಕೆ ಕೈ ಬರಿದಾಗಿತ್ತು. ಕೊನೆಯ ಸಹಾಯಕ್ಕೆ ಮತ್ತೆ ಸಂಸ್ಥೆಯನ್ನು ಕೇಳಿದ್ದಳು. ಇವರು ಜೋಡಿಸಿದ ಸಿನಿಮಾ ನೋಡಿ ಸಂಸ್ಥೆಯವರು ತೀರ್ಮಾನಿಸಬೇಕು. ಒಪ್ಪದಿದ್ದರೆ ಸಿನಿಮಾ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅವಳಿಗೆ ಎರಡನೆಯದನ್ನು ಯಾರು ಕೊಡುತ್ತಾರೆ?

ಆ ಸಿನಿಮಾದಲ್ಲಿ ಒಂದು ಸಾವು ಬರುತ್ತದೆ. ಅವರ ಕಡೆ ಸತ್ತವರನ್ನು ಒಂದು ರಾತ್ರಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಊರವರೆಲ್ಲ ಬಂದು ಪೆಟ್ಟಿಗೆಯ ಸುತ್ತ ಕೂತು ಚಹಾ ಕುಡಿಯುತ್ತಾ, ಹೋದವರ ತಮಾಷೆಗಳನ್ನು ಹೇಳಿಕೊಂಡು ನಗುತ್ತಾರೆ. ಆ ದೃಶ್ಯ ಬಹಳ ಉದ್ದವಿತ್ತು. ಸಂಸ್ಥೆಯ ಮೇಡಂ ಮುಂಚೆ ಒಮ್ಮೆ ನೋಡಿದಾಗಲೇ 'ಉದ್ದ ಆಯಿತು' ಅಂದಿದ್ದರಂತೆ. ಹುಡುಗಿಗೂ ಹಾಗೇ ಅನ್ನಿಸಿತ್ತು. ಇವರು ಮಾತ್ರ ಕೂದಲೆಳೆಯಷ್ಟೂ ಕತ್ತರಿಸಲು ಒಪ್ಪಿರಲಿಲ್ಲ. ಯಾಕೆ ಅಂತ ನನಗೆ ಗೊತ್ತಾದದ್ದು ಮೇಡಂ ಡಬ್ಲಿನ್‌ನಿಂದ ಇಲ್ಲಿಗೇ ಬಂದು ನೋಡುವುದರ ಹಿಂದಿನ ದಿನ.

ಅವತ್ತು ನಾನು ಕೊಡುಬಳೆ ಕೊಡಲು ನಿಮ್ಮಮ್ಮನ ಜೊತೆ ಮೇಲೆ ಹೋಗಿದ್ದೆ. ಅವರು ಬಹಳ ಹುರುಪಿನಲ್ಲಿದ್ದರು. ನಿಮ್ಮಮ್ಮ ನನ್ನ ಕಡೆ ತಿರುಗಿ ಹೇಳಿದಳು:

"ನಾಳೆ ಮೇಡಂಗೆ ನಿನ್ನ ವಿಷಯ ಹೇಳ್ತಾರಂತೆ, ಅಮ್ಮಾ. ಆ ಸಾವಿನ ಸೀನ್ ಬಂದಾಗೆಲ್ಲ ಅಜ್ಜಿ ಕೈ ಪೂರ್ತಿ ನಿಂತುಬಿಡತ್ತೆ, ಕೊನೇವರೆಗೂ ಅಲ್ಲಾಡಲ್ಲ. ಇಡೀ ಸಿನಿಮಾದಲ್ಲಿ ಅಷ್ಟು ಗಟ್ಟಿ ಸೀನ್ ಬೇರೆ ಇಲ್ಲ, ಅದನ್ನ ಮುಟ್ಟಲ್ಲ ಅಂತಿದಾರೆ."

ನಾನು ಕೊಡುಬಳೆ ಮೇಜಿನ ಮೇಲಿಟ್ಟೆ. "ಅಯ್ಯೋ, ಹೆಣ ಮನೇಲಿರೋವಾಗ ಯಾರಾದ್ರೂ ದೇವರ ಬತ್ತಿ ಹೊಸೀತಾರೇನೇ?"

ನಿಮ್ಮಮ್ಮ ನಗು ತಡೆಯಲಾರದೆ ಗೋಡೆಗೆ ಒರಗಿದಳು. "ಅದು ಸಿನಿಮಾ ಹೆಣ ಅಮ್ಮಾ!"

"ಯಾವ ಹೆಣ ಆದ್ರೇನು? ಕಣ್ಣೆದುರಿಗೆ ಇತ್ತಲ್ಲ. ಪೆಟ್ಟಿಗೆ ಎತ್ತೋವರೆಗೂ ನಾನು ತಲೆ ಕೂಡ ಎತ್ತಿರಲಿಲ್ಲ."

ಅವಳ ನಗು ನಿಂತಿತು. ಅವರು ನಮ್ಮಿಬ್ಬರನ್ನೂ ನೋಡುತ್ತಾ, ಏನು ತಮಾಷೆ ಅಂತ ತಾವೂ ನಗಲು ತಯಾರಾಗಿ ನಿಂತಿದ್ದರು. ನಿಮ್ಮಮ್ಮ ತಗ್ಗಿದ ದನಿಯಲ್ಲಿ ಹೇಳಿದಳು, "ಈಗ ಇದನ್ನ ಹೇಳ್ಲೇಬೇಕಾ? ಪಾಪ, ನಾಳೆನೇ ಬರ್ತಿದಾರೆ. ಎಷ್ಟು ನಂಬ್ಕೊಂಡಿದಾರೆ ನೋಡು."

ನನಗೂ ಅದೇ ಕಷ್ಟ. ಸುಮ್ಮನಿರುವುದು ನನಗೆ ಸುಲಭ. ಆದರೆ ನಾನು ಕಣ್ಣಲ್ಲಿ ನೋಡಿರದ ಆ ದ್ವೀಪದ ಹುಡುಗಿಯ ಸಿನಿಮಾ ನನ್ನ ಕೈ ನಿಂತದ್ದರ ಮೇಲೆ ನಿಂತಿದೆ. ಕೈ ನಿಂತದ್ದು ಸಿನಿಮಾಕ್ಕಲ್ಲ. "ಹೇಳು" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವಳು ಹೇಳಿದಳು. ಸೂತಕ ಅಂದರೇನು ಅಂತ ಬಿಡಿಸಿ ಹೇಳಲು ಅವಳಿಗೂ ಸ್ವಲ್ಪ ಹೊತ್ತು ಬೇಕಾಯಿತು. ಅವರ ಮುಖ ಮೊದಲು ಕೆಂಪಾಯಿತು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ನೋಡಿದರು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಕಿಟಕಿಯ ಹತ್ತಿರ ಹೋಗಿ ನಿಂತರು. ಕೋಪ ಬಂತು ಅಂದುಕೊಂಡೆ. ತಿರುಗಿದಾಗ ಒಂದೇ ಮಾತು ಕೇಳಿದರು: ಇನ್ನೊಂದು ಸಲ ನೋಡುತ್ತೀರಾ, ಹತ್ತಿ ಇಲ್ಲದೆ?

ಕೂತೆ. ಈ ಸಲ ಅವರು ನನ್ನ ಎದುರಿಗೆ ಕೂರಲಿಲ್ಲ. ಕುರ್ಚಿಯನ್ನು ಎಳೆದು ತಿರುಗಿಸಿ, ಒಂದಿಷ್ಟು ದೂರದಲ್ಲಿ, ಪಕ್ಕಕ್ಕೆ ಹಾಕಿಕೊಂಡು ತಾವೂ ಪರದೆಯನ್ನೇ ನೋಡಿದರು. ಸಾವಿನ ಮನೆ ಬಂತು. ಒಬ್ಬ ಮುದುಕ ಏನೋ ಹೇಳಿದ, ಎಲ್ಲರೂ ನಕ್ಕರು. ಇನ್ನೊಬ್ಬಳು ಹೇಳಿದಳು, ಮತ್ತೆ ನಕ್ಕರು. ಮೂರನೆಯವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿ ಕಿರುಗುಟ್ಟಿತು. ಅವರೇ ಮಿಸುಕಾಡುತ್ತಿದ್ದರು. ನನ್ನ ಕಡೆ ನೋಡಲೇ ಇಲ್ಲ. ಪರದೆಯನ್ನೇ ನೋಡುತ್ತಾ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಸಾಕು" ಅಂದರು. ಅವರಿಗೆ ನಾನು 'ಸಾಕಾ' ಮಾತ್ರ ಹೇಳಿಕೊಟ್ಟಿದ್ದೆ. 'ಸಾಕು' ಎಲ್ಲಿಂದ ಕಲಿತರೋ.

ನಾವು ಬಾಗಿಲು ದಾಟುವ ಮುಂಚೆಯೇ ಆ ಹುಡುಗಿಗೆ ಫೋನ್ ಮಾಡಿದರು. ತಪ್ಪು ತನ್ನದು ಅಂದರಂತೆ. ಆ ಕಡೆಯಿಂದ ಅವಳು ಕಿರುಚಿದ್ದು ನನಗೂ ಕೇಳಿಸಿತು. "ಏನಂತೆ?" ಅಂತ ನಿಮ್ಮಮ್ಮನನ್ನು ಕೇಳಿದೆ. "'ಅಂತೂ ಒಪ್ಕೊಂಡ್ಯಲ್ಲ, ಮುದಿ ಕತ್ತೆ' ಅಂದ್ಳು" ಅಂದಳು. ಅವರು ಫೋನ್ ಹಿಡಿದುಕೊಂಡು ಪೆಚ್ಚುಪೆಚ್ಚಾಗಿ ನಗುತ್ತಿದ್ದರು.

ರಾತ್ರಿಯೇ ಕೂತು ಆ ದೃಶ್ಯ ಕತ್ತರಿಸಿದರಂತೆ. ಮಾರನೆಯ ದಿನ ಮೇಡಂ ಬಂದು ನೋಡಿದರು. ನಾನು ಕೆಳಗೆ ಅಡಿಗೆಮನೆಯಲ್ಲಿ ನಿಂತು ತಲೆಯ ಮೇಲಿನ ಹೆಜ್ಜೆಸಪ್ಪಳ ಕೇಳುತ್ತಾ ಅನ್ನವನ್ನು ತಳ ಹಿಡಿಸಿದೆ. ಮೇಡಂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಊರಿಗೆ ಹೋಗಿ ಉಳಿದವರೊಂದಿಗೆ ಕೂತು ತೀರ್ಮಾನಿಸಿ ತಿಳಿಸುತ್ತೇವೆ ಅಂದರಂತೆ. ಕೊಡುಬಳೆಯನ್ನು ಮಾತ್ರ ಕಟ್ಟಿಸಿಕೊಂಡು ಹೋದರು.

ಅದರ ಉತ್ತರ ಬರುವ ಮುಂಚೆಯೇ ಮೇಲಿನ ಮನೆಯವರು ಆಸ್ಪತ್ರೆಗೆ ಸೇರಿದರು. ಹೃದಯದ ತೊಂದರೆ ಹಳೆಯದೇ, ನಮಗೆ ಹೇಳಿರಲಿಲ್ಲ. ನಿಮ್ಮಮ್ಮನೂ ನಾನೂ ಎರಡು ಸಲ ಹೋಗಿ ನೋಡಿಬಂದೆವು. ಎರಡನೆಯ ಸಲ ಹೋದಾಗ ಫೋನಿನಲ್ಲಿ ಯಾರೊಂದಿಗೋ ಬಹಳ ಹೊತ್ತು ಮಾತಾಡುತ್ತಿದ್ದರು, ನರ್ಸು ಬೈಯುವವರೆಗೂ. ಆ ವಾರವೇ ಹೋಗಿಬಿಟ್ಟರು.

ಆಮೇಲೆ ಒಂದು ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ನೀವು ಶಾಲೆಯಲ್ಲಿ, ನಿಮ್ಮಮ್ಮ ಆಫೀಸಿನಲ್ಲಿ. ಹೊರಗೆ ಕೆಂಚುಕೂದಲಿನ ಒಬ್ಬ ಹುಡುಗಿ ನಿಂತಿದ್ದಳು. ಮೇಲಿನ ಮನೆಯಲ್ಲಿದ್ದ ತನ್ನ ಸಿನಿಮಾದ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಕೈಯಲ್ಲಿ ಪೆಟ್ಟಿಗೆ, ಕಣ್ಣಲ್ಲಿ ನೀರು, ಆದರೂ ಮುಖ ನಗುತ್ತಿತ್ತು. ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ನಾನು 'ಯೆಸ್' ಅನ್ನಲಿಲ್ಲ. ಅವಳೇ "ಯೆಸ್! ಯೆಸ್!" ಅಂತ ನನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿದಳು. ಸಹಾಯ ಸಿಕ್ಕಿತು ಅಂತ ಗೊತ್ತಾಯಿತು. ಒಳಗೆ ಕರೆದು, ಬಿಸಿ ಅನ್ನ ಸಾರು ಬಡಿಸಿದೆ. ಹಸಿದಿದ್ದಳು, ಪಾಪ.

ಸಂಜೆ ನಿಮ್ಮಮ್ಮ ಬರುವವರೆಗೂ ಇದ್ದಳು. ಆಗ ತಿಳಿಯಿತು, ಆಸ್ಪತ್ರೆಯಿಂದ ಅವರು ಅಷ್ಟು ಹೊತ್ತು ಮಾತಾಡಿದ್ದು ಸಂಸ್ಥೆಯ ಮೇಡಂ ಜೊತೆ. 'ಆ ದೃಶ್ಯ ಹಟ ಹಿಡಿದು ಉದ್ದ ಇಟ್ಟವನು ನಾನು. ಹುಡುಗಿ ಮೊದಲೇ ಸರಿಯಾಗಿ ಹೇಳಿದ್ದಳು. ನನ್ನ ಹಟವನ್ನು ಅವಳ ಲೆಕ್ಕಕ್ಕೆ ಹಾಕಬೇಡಿ' ಅಂದರಂತೆ. ಕೆಳಗಿನ ಮನೆಯ ಹೆಂಗಸು ಬಾಯಿ ಬಿಡದಿದ್ದರೆ ತನಗೆ ತಿಳಿಯುತ್ತಲೇ ಇರಲಿಲ್ಲ ಅಂತಲೂ ಹೇಳಿದರಂತೆ.

ನನ್ನ ಇಷ್ಟು ವಯಸ್ಸಿನಲ್ಲಿ ನಾನು ಬಾಯಿ ಬಿಟ್ಟದ್ದರಿಂದ ಯಾರಿಗಾದರೂ ಒಳ್ಳೆಯದಾಯಿತು ಅಂತ ಒಬ್ಬರು ಹೇಳಿದ್ದು ಅದೇ ಮೊದಲು. ಎದುರಾಡಿದವರನ್ನು ಹೊಗಳಿಕೊಂಡು ಹೋದ ಮನುಷ್ಯನನ್ನೂ ನಾನು ಬೇರೆ ನೋಡಿಲ್ಲ. ಆ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ. ಈಗೀಗ ನಿಮ್ಮಮ್ಮನಿಗೆ ಬೇಕು ಬೇಡ ಹೇಳುತ್ತೇನೆ. ಅವಳು 'ಅಂಕಲ್ ನಿನ್ನ ಕೆಡಿಸಿ ಹೋದರು' ಅನ್ನುತ್ತಾಳೆ.

ಸಿನಿಮಾ ಮುಗಿದಿದೆ. ಬರುವ ತಿಂಗಳು ಸ್ಟಾಕ್‌ಹೋಮ್‌ನ ಒಂದು ಚಿಕ್ಕ ಥಿಯೇಟರಿನಲ್ಲಿ ತೋರಿಸುತ್ತಾರೆ. ಆ ಹುಡುಗಿ ನಮ್ಮೆಲ್ಲರನ್ನೂ ಕರೆದಿದ್ದಾಳೆ. ಆ ಭಾಷೆ ನಿಮಗೂ ಬರುವುದಿಲ್ಲ, ಆದರೆ ಕೆಳಗೆ ಸ್ವೀಡಿಷ್‌ನಲ್ಲಿ ಅಕ್ಷರ ಬರುತ್ತದಂತೆ. ನೀವು ಓದಿಕೊಳ್ಳಿ. ನನ್ನ ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಕೂತುಕೊಳ್ಳಿ. ನನಗೆ ಏನನ್ನೂ ಓದಿ ಹೇಳಬೇಡಿ.